ಸಣ್ಣ ರೆಕ್ಕೆ ನಟ್ಟು, ದೊಡ್ಡ ನಷ್ಟ: ಹಾಲು ಉತ್ಪಾದಕರು ತಿಳಿದಿರಬೇಕಾದ ಪ್ಲಾಸ್ಟಿಕ್ ನಟ್ಟಿನ ವಿಷಯ



ಈ ಪುಟದಲ್ಲಿ ಸಾಮಾನ್ಯವಾಗಿ ಮೇವು, ಲಸಿಕೆ, ಕೃತಕ ಗರ್ಭಧಾರಣೆ, ಕರುವಿನ ಪೋಷಣೆ ಮುಂತಾದ ವಿಷಯ ಬರೆಯುತ್ತಿರುತ್ತೇನೆ. ಈ ಸಲ ನಟ್ಟು-ಬೋಲ್ಟಿನ ವಿಷಯ ಬರೆದಿರುವುದನ್ನು ನೋಡಿ ನಿಮಗೆ ಆಶ್ಚರ್ಯವಾಗಬಹುದು. ದನದ ಡಾಕ್ಟರಿಗೂ ನಟ್ಟಿಗೂ ಏನು ಸಂಬಂಧ ಎಂದು ನಾನೂ ಒಂದು ಕಾಲಕ್ಕೆ ಅಂದುಕೊಂಡವನೇ. ಸಂಬಂಧ ಏನೆಂಬುದನ್ನು ಕಿನ್ನಾಳದ ಒಂದು ಕೊಟ್ಟಿಗೆ ನನಗೆ ಕಲಿಸಿತು. ಆ ಪಾಠವನ್ನು ನಿಮ್ಮ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಕಿನ್ನಾಳದಲ್ಲಿ ನಡೆದದ್ದು

ಕಿನ್ನಾಳದ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಐದು ಮಿಶ್ರತಳಿ ಆಕಳುಗಳಿವೆ. ಆಳು ಸಿಗುವುದು ಕಷ್ಟವಾದ್ದರಿಂದ ಹಾಲು ಹಿಂಡುವ ಯಂತ್ರ ತಂದಿದ್ದರು. ಯಂತ್ರ ಬಂದು ಒಂದು ವರ್ಷದ ತನಕ ತೊಂದರೆ ಇರಲಿಲ್ಲ. ಆಮೇಲೆ ಒಂದು ಆಕಳಿಗೆ ಕೆಚ್ಚಲು ಬಾವು ಬಂತು. ಚಿಕಿತ್ಸೆ ಮಾಡಿದೆ, ಗುಣವಾಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಇನ್ನೊಂದಕ್ಕೆ ಬಂತು. ಅದನ್ನೂ ಗುಣಪಡಿಸಿದೆ. ಮತ್ತೆ ಮೊದಲಿನ ಆಕಳಿಗೆ ಅದೇ ಮೊಲೆಯಲ್ಲಿ ಹಾಲು ಒಡೆದು ಗರಣೆ ಗರಣೆಯಾಗಿ ಬರತೊಡಗಿತು. ಚುಚ್ಚುಮದ್ದು ಕೊಟ್ಟ ದಿನಗಳ ಹಾಲನ್ನು ಸಂಘಕ್ಕೆ ಹಾಕುವಂತಿಲ್ಲ. ಔಷಧಿಯ ಖರ್ಚು ಒಂದು ಕಡೆ, ಚೆಲ್ಲಿದ ಹಾಲಿನ ಲೆಕ್ಕ ಇನ್ನೊಂದು ಕಡೆ.

ಆ ಮನೆಯ ಹೆಣ್ಣುಮಗಳು ಮೂರನೆಯ ಸಲ ನನ್ನನ್ನು ಕರೆಸಿದಾಗ ಕೇಳಿದ ಮಾತು ಈಗಲೂ ಕಿವಿಯಲ್ಲಿದೆ: “ಸಾಹೇಬ್ರ, ಕೈಲೆ ಹಿಂಡತಿದ್ದಾಗ ಹಿಂಗ್ ಆಗತಿರಲಿಲ್ರೀ. ನೀವು ಸೂಜಿ ಮಾಡಿ ಹೋಗತೀರಿ, ಮತ್ತ ಬರತೈತಿ. ರೋಗ ಆಕಳದಾಗ ಐತೋ, ಈ ಮಿಶನ್‌ದಾಗ ಐತೋ?”

ಪ್ರಶ್ನೆ ಸರಿಯಾಗಿತ್ತು. ಅದನ್ನು ಮೊದಲ ಸಲವೇ ನಾನು ಕೇಳಿಕೊಳ್ಳಬೇಕಾಗಿತ್ತು. ಎರಡು ಸಲವೂ ಮಧ್ಯಾಹ್ನದ ಹೊತ್ತಿಗೆ ಹೋಗಿ ಕೆಚ್ಚಲು ನೋಡಿ ಬಂದಿದ್ದೆನೇ ಹೊರತು, ಹಿಂಡುವ ಹೊತ್ತಿಗೆ ನಿಂತು ಯಂತ್ರ ನೋಡಿರಲಿಲ್ಲ. “ಅಕ್ಕಾರ, ಸಂಜೀಕ ಹಿಂಡೋ ಹೊತ್ತಿಗೆ ಬರತೀನಿ” ಎಂದು ಹೇಳಿ ಅಂದು ಸಂಜೆ ಮತ್ತೆ ಹೋದೆ.

ಯಂತ್ರ ಹಚ್ಚಿದ ಸ್ವಲ್ಪ ಹೊತ್ತಿಗೆ ಸುಯ್ಯೆಂದು ಗಾಳಿ ಎಳೆಯುವ ಸಣ್ಣ ಸದ್ದು ಕೇಳಿಸಿತು. ನಾಲ್ಕು ಕಪ್‌ಗಳಿಂದ ಬರುವ ಹಾಲು ಒಂದೆಡೆ ಕೂಡುವ ಬಟ್ಟಲಿಗೆ ‘ಕ್ಲಾ’ ಎನ್ನುತ್ತಾರೆ. ಆ ಯಂತ್ರದಲ್ಲಿ ಕ್ಲಾದ ಮೇಲಿನ ಭಾಗವನ್ನೂ ಕೆಳಗಿನ ಬಟ್ಟಲನ್ನೂ ಒಂದು ಬೋಲ್ಟು ಮತ್ತು ಒಂದು ಪ್ಲಾಸ್ಟಿಕ್ ನಟ್ಟು ಹಿಡಿದಿದ್ದವು. ನಡುವೆ ರಬ್ಬರ್ ರಿಂಗು. ನಟ್ಟನ್ನು ಬಿಚ್ಚಿ ನೋಡಿದರೆ ಒಂದು ರೆಕ್ಕೆ ಮುರಿದಿತ್ತು, ಮೈಯಲ್ಲಿ ಕೂದಲೆಳೆಯಷ್ಟು ಸೀಳು. ಗಾಳಿ ಸೋರದಿರಲೆಂದು ಮನೆಯ ಯಜಮಾನರು ಅದನ್ನು ಪಕ್ಕಡದಿಂದ ಹಿಡಿದು ತಿರುಗಿಸಿದ್ದರು. ಬಿಗಿ ಮಾಡಲು ಹೋಗಿಯೇ ಅದು ಸೀಳಿತ್ತು.

ರೆಕ್ಕೆ ನಟ್ಟು ಎಂದರೇನು?

ಸಾಮಾನ್ಯ ನಟ್ಟಿಗೆ ಆರು ಮೂಲೆಗಳಿರುತ್ತವೆ. ಅದನ್ನು ತಿರುಗಿಸಲು ಪಾನಾ ಬೇಕು. ರೆಕ್ಕೆ ನಟ್ಟಿಗೆ ಎರಡು ಕಡೆ ಕಿವಿಯಂತೆ, ರೆಕ್ಕೆಯಂತೆ ಚಾಚಿದ ಹಿಡಿಕೆ ಇರುತ್ತದೆ. ಹೆಬ್ಬೆರಳು, ತೋರುಬೆರಳು ಎರಡೇ ಸಾಕು. ಅಂಗಡಿಯಲ್ಲಿ ‘ವಿಂಗ್ ನಟ್’ ಅಥವಾ ‘ಬಟರ್‌ಫ್ಲೈ ನಟ್’ ಎಂದು ಕೇಳಿದರೆ ಕೊಡುತ್ತಾರೆ. ಕಬ್ಬಿಣ, ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಮತ್ತು ಪ್ಲಾಸ್ಟಿಕ್ಕಿನಲ್ಲಿ ಇವು ಸಿಗುತ್ತವೆ.

ಇದರ ತತ್ವವನ್ನು ಒಂದೇ ಮಾತಿನಲ್ಲಿ ಹೇಳಬಹುದು: ಪದೇ ಪದೇ ಬಿಚ್ಚಿ ಹಾಕಬೇಕಾದ ಜಾಗಕ್ಕೆ, ಹೆಚ್ಚು ಬಿಗಿ ಬೇಡದ ಜಾಗಕ್ಕೆ ರೆಕ್ಕೆ ನಟ್ಟು. ಕಿನ್ನಾಳದ ಚಿತ್ರಗಾರರು ಗೊಂಬೆಯ ಕೈಕಾಲುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಅದು ಒಮ್ಮೆ ಕೂಡಿದರೆ ಮತ್ತೆ ಬಿಚ್ಚಬಾರದ ಕೂಡಿಕೆ. ಹಾಲಿನ ಪಾತ್ರೆ, ಯಂತ್ರಗಳ ಕೂಡಿಕೆ ಹಾಗಲ್ಲ. ಅದನ್ನು ದಿನಕ್ಕೆ ಎರಡು ಸಲ ಬಿಚ್ಚಬೇಕು, ತೊಳೆಯಬೇಕು, ಮತ್ತೆ ಕೂಡಿಸಬೇಕು. ಬಿಚ್ಚಲು ಪಾನಾ ಹುಡುಕಬೇಕಾದರೆ ಎರಡು ದಿನ ಹುಡುಕುತ್ತೇವೆ, ಮೂರನೆಯ ದಿನ ಬಿಚ್ಚದೆಯೇ ನೀರು ಹಾಕಿ ಬಿಡುತ್ತೇವೆ. ಸೋಮಾರಿತನಕ್ಕೆ ಅವಕಾಶ ಕೊಡದಿರಲೆಂದೇ ಯಂತ್ರ ಮಾಡುವವರು ಅಲ್ಲಿ ಕೈಯಿಂದ ಬಿಚ್ಚುವ ನಟ್ಟು ಇಟ್ಟಿರುತ್ತಾರೆ.

ಇದನ್ನು ಮಾಡುವುದು ಹೇಗೆ? ಯಾವುದರಿಂದ?

ಪ್ಲಾಸ್ಟಿಕ್ ಕಾಳುಗಳನ್ನು ಕಾಯಿಸಿ ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತಳ್ಳಿ, ತಣ್ಣಗಾದ ಮೇಲೆ ಅಚ್ಚು ಬಿಚ್ಚಿ ತೆಗೆಯುತ್ತಾರೆ. ಪ್ಲಾಸ್ಟಿಕ್ ಆಟಿಕೆಗಳನ್ನೂ ಹೆಚ್ಚಾಗಿ ಹೀಗೆಯೇ ಮಾಡುವುದು. ನಮ್ಮ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕೈಗಾರಿಕೆಗಳ ಸಮುಚ್ಚಯಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಹಾಕಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮರದ ಗೊಂಬೆಗೆ ಹೆಸರಾದ ಕಿನ್ನಾಳ ಮತ್ತು ಪ್ಲಾಸ್ಟಿಕ್ ಗೊಂಬೆಯ ಭಾನಾಪುರ ಎರಡೂ ಒಂದೇ ಜಿಲ್ಲೆಯಲ್ಲಿವೆ.

ನಟ್ಟಿಗೆ ಬಳಸುವ ಪ್ಲಾಸ್ಟಿಕ್ಕಿನಲ್ಲಿ ಮುಖ್ಯವಾದವು ಎರಡು.

ಮೊದಲನೆಯದು ನೈಲಾನ್. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕರೋದರ್ಸ್ ಎಂಬ ರಸಾಯನ ವಿಜ್ಞಾನಿ 1935ರಲ್ಲಿ ಇದನ್ನು ತಯಾರಿಸಿದರು. 1938ರಲ್ಲಿ ಮೊದಲು ಮಾರಾಟಕ್ಕೆ ಬಂದದ್ದು ಹಲ್ಲುಜ್ಜುವ ಬ್ರಷ್ಷಿನ ಕೂದಲಾಗಿ. ನೈಲಾನ್ ಗಟ್ಟಿ, ತಿಕ್ಕಾಟವನ್ನು ತಡೆಯುತ್ತದೆ, ಎಣ್ಣೆ-ಗ್ರೀಸಿಗೆ ಜಗ್ಗುವುದಿಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುತ್ತದೆ. ಆದರೆ ಇದಕ್ಕೆ ಎರಡು ದೋಷಗಳಿವೆ. ನೀರನ್ನು ಹೀರಿ ಸ್ವಲ್ಪ ಉಬ್ಬುತ್ತದೆ, ಮೆತ್ತಗಾಗುತ್ತದೆ. ಆಮ್ಲ ಸೋಕಿದರೆ ಒಳಗಿನಿಂದಲೇ ಬಲ ಕಳೆದುಕೊಳ್ಳುತ್ತದೆ.

ಎರಡನೆಯದು ಪಾಲಿಪ್ರೊಪಿಲೀನ್. ಇದು 1954ರಲ್ಲಿ ಬಂದದ್ದು. ಈ ಜಾತಿಯ ಪ್ಲಾಸ್ಟಿಕ್ಕುಗಳ ಸಂಶೋಧನೆಗಾಗಿ ಇಟಲಿಯ ಜೂಲಿಯೊ ನತ್ತಾ ಮತ್ತು ಜರ್ಮನಿಯ ಕಾರ್ಲ್ ಝೀಗ್ಲರ್ ಅವರಿಗೆ 1963ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಇದು ನೀರನ್ನು ಹೀರುವುದಿಲ್ಲ. ತೊಳೆಯಲು ಬಳಸುವ ಆಮ್ಲ, ಕ್ಷಾರ ಎರಡನ್ನೂ ತಾಳುತ್ತದೆ. ಆದರೆ ನೈಲಾನ್‌ನಷ್ಟು ಗಟ್ಟಿಯಲ್ಲ, ಶಾಖವನ್ನೂ ಅಷ್ಟು ತಡೆಯದು. ಸುಮಾರು 160 ಡಿಗ್ರಿಗೆ ಕರಗುತ್ತದೆ.

ಇವೆರಡನ್ನೂ ಗುರುತಿಸಲು ಒಂದು ಸುಲಭ ಉಪಾಯವಿದೆ. ನಟ್ಟನ್ನು ಒಂದು ಲೋಟ ನೀರಿಗೆ ಹಾಕಿರಿ. ತೇಲಿದರೆ ಹೆಚ್ಚಾಗಿ ಪಾಲಿಪ್ರೊಪಿಲೀನ್, ಮುಳುಗಿದರೆ ನೈಲಾನ್ ಅಥವಾ ಬೇರೆ ಪ್ಲಾಸ್ಟಿಕ್. ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಬೆರಳಿನಿಂದ ಒಮ್ಮೆ ಅದ್ದಿ ಬಿಡಿರಿ.

ಕಬ್ಬಿಣ ಬಿಟ್ಟು ಪ್ಲಾಸ್ಟಿಕ್ ಏಕೆ?

ಬಲದಲ್ಲಿ ಪ್ಲಾಸ್ಟಿಕ್ ನಟ್ಟು ಉಕ್ಕಿಗೆ ಸಮವಲ್ಲ. ಸಾದಾ ಉಕ್ಕಿನ ಬಲದ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ನೈಲಾನಿನದು. ಪಾಲಿಪ್ರೊಪಿಲೀನಿನದು ಹತ್ತರಲ್ಲಿ ಒಂದು ಪಾಲಿಗೂ ಕಡಿಮೆ. ಆದರೂ ಕೈಗಾರಿಕೆಯವರು ಇದನ್ನು ಬಯಸಿ ಬಳಸುತ್ತಾರೆ. ಅದಕ್ಕೆ ಕಾರಣಗಳಿವೆ.

ತುಕ್ಕು ಹಿಡಿಯುವುದಿಲ್ಲ. ಲೋಹಕ್ಕೆ ಬಣ್ಣದ ಲೇಪ ಕೊಡುವ ಆಮ್ಲದ ತೊಟ್ಟಿಗಳಲ್ಲಿ, ಕುಡಿಯುವ ನೀರು ಶುದ್ಧ ಮಾಡುವ ಘಟಕಗಳಲ್ಲಿ, ಉಪ್ಪುನೀರಿನ ದೋಣಿಗಳಲ್ಲಿ ಕಬ್ಬಿಣದ ನಟ್ಟು ಬೇಗ ಕೂಡಿ ಹೋಗುತ್ತದೆ, ಬಿಚ್ಚಲು ಬರುವುದಿಲ್ಲ. ಅಲ್ಲಿ ತಕ್ಕ ಜಾತಿಯ ಪ್ಲಾಸ್ಟಿಕ್ ನಟ್ಟು ವರ್ಷಗಟ್ಟಲೆ ಬಾಳುತ್ತದೆ.

ವಿದ್ಯುತ್ತನ್ನು ಹರಿಸುವುದಿಲ್ಲ. ಆದ್ದರಿಂದ ವಿದ್ಯುತ್ ಪೆಟ್ಟಿಗೆಗಳ ಮುಚ್ಚಳ, ವಿದ್ಯುನ್ಮಾನ ಉಪಕರಣಗಳ ಒಳಗಿನ ಹಲಗೆ ಹಿಡಿಯಲು ಬಳಸುತ್ತಾರೆ.

ಅಯಸ್ಕಾಂತಕ್ಕೆ ಸಿಗುವುದಿಲ್ಲ. ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದ ಕೋಣೆಯಲ್ಲಿ ಬಲವಾದ ಅಯಸ್ಕಾಂತವಿರುವುದರಿಂದ ಕಬ್ಬಿಣದ ಸಾಮಾನು ಒಯ್ಯುವಂತಿಲ್ಲ. ಅಂಥ ಕಡೆ ಪ್ಲಾಸ್ಟಿಕ್ ನಟ್ಟು ಉಪಯೋಗಕ್ಕೆ ಬರುತ್ತದೆ.

ಹಗುರ ಮತ್ತು ಮೃದು. ನೈಲಾನ್ ನಟ್ಟಿನ ತೂಕ ಅಷ್ಟೇ ಗಾತ್ರದ ಉಕ್ಕಿನ ನಟ್ಟಿನ ಏಳರಲ್ಲಿ ಒಂದು ಪಾಲು. ಗಾಜು, ಪಿಂಗಾಣಿ, ಬಣ್ಣ ಹಚ್ಚಿದ ತಗಡನ್ನು ಇದು ಗೀಚುವುದಿಲ್ಲ. ಪೇಟೆಯ ಮನೆಗಳ ಪಾಯಿಖಾನೆಯ ಪಿಂಗಾಣಿಗೆ ಪ್ಲಾಸ್ಟಿಕ್ ಸೀಟು ಕೂಡಿಸುವಲ್ಲಿ ಬಹಳ ಕಡೆ ಇರುವುದು ಇದೇ ರೆಕ್ಕೆ ನಟ್ಟು.

ಆಹಾರದ ಕಾರ್ಖಾನೆಗಳಿಂದ ನಾವು ಕಲಿಯಬೇಕಾದ ಇನ್ನೊಂದು ವಿಷಯವಿದೆ. ಅಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳಿಗೆ ನೀಲಿ ಬಣ್ಣವನ್ನು ಹೆಚ್ಚಾಗಿ ಆರಿಸುತ್ತಾರೆ. ಆಹಾರ ಪದಾರ್ಥಗಳಲ್ಲಿ ನೀಲಿ ಬಣ್ಣದವು ವಿರಳ. ತುಂಡು ಮುರಿದು ಬಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಹಾಲಿನಂತೆ ಬೆಳ್ಳಗಿರುವ ನಟ್ಟು ಹಾಲಿನಲ್ಲಿ ಬಿದ್ದರೆ ಕಾಣುವುದುಂಟೇ?

ಇನ್ನು ಇದು ನಿಲ್ಲದ ಜಾಗಗಳೂ ಇವೆ. ಗಿಣಿಗೇರಿ ಕಡೆಯ ಉಕ್ಕಿನ ಕಾರ್ಖಾನೆಗಳ ಕುಲುಮೆಯ ಹತ್ತಿರ ಇದನ್ನು ಇಟ್ಟರೆ ಮೇಣದಂತೆ ಕರಗುತ್ತದೆ. ಭಾರ ಎತ್ತುವ, ಹೊಡೆತ ತಿನ್ನುವ, ಸದಾ ನಡುಗುವ ಜಾಗಕ್ಕೂ ಇದು ಸಲ್ಲದು.

ನಟ್ಟು ಸೋರಿದರೆ ಕೆಚ್ಚಲಿಗೆ ಹೇಗೆ ಪೆಟ್ಟು?

ಈಗ ಮತ್ತೆ ಕಿನ್ನಾಳದ ಕೊಟ್ಟಿಗೆಗೆ ಬರೋಣ. ಹಾಲು ಹಿಂಡುವ ಯಂತ್ರ ಗಾಳಿಯನ್ನು ಎಳೆದು ಒಳಗೆ ನಿರ್ವಾತ ಉಂಟುಮಾಡುತ್ತದೆ. ಅದರ ಪ್ರಮಾಣ ಸಾಮಾನ್ಯವಾಗಿ 40ರಿಂದ 50 ಕಿಲೋಪಾಸ್ಕಲ್, ಅಂದರೆ ಪಾದರಸದ ಲೆಕ್ಕದಲ್ಲಿ 12ರಿಂದ 15 ಅಂಗುಲ. ಇದೇ ಎಳೆತದಿಂದ ಕಪ್‌ಗಳು ಮೊಲೆಗೆ ಅಂಟಿ ನಿಲ್ಲುತ್ತವೆ, ಹಾಲು ಇಳಿಯುತ್ತದೆ. ಹಾಲು ಮುಂದಕ್ಕೆ ಹರಿಯಲೆಂದು ಕ್ಲಾದಲ್ಲಿ ಸೂಜಿಮೊನೆಯಷ್ಟು ರಂಧ್ರವನ್ನು ಯಂತ್ರದವರೇ ಇಟ್ಟಿರುತ್ತಾರೆ. ಅದು ಇರಬೇಕಾದ ರಂಧ್ರ. ನಟ್ಟು ಸಡಿಲಾದಾಗ ಮುಚ್ಚಳದ ಅಂಚಿನಿಂದ ನುಗ್ಗುವ ಗಾಳಿ ಇರಬಾರದ್ದು.

ಹೆಚ್ಚಿನ ಗಾಳಿ ನುಗ್ಗಿದಾಗ ಕ್ಲಾದಲ್ಲಿ ಎಳೆತ ಒಮ್ಮೆ ಇಳಿಯುತ್ತದೆ, ಒಮ್ಮೆ ಏರುತ್ತದೆ. ಎಳೆತ ಇಳಿದಾಗ ಕಪ್ ಮೊಲೆಯಿಂದ ಸ್ವಲ್ಪ ಜಾರುತ್ತದೆ. ಜಾರಿದ ಕಡೆಯಿಂದ ಗಾಳಿ ರಭಸದಿಂದ ಒಳಗೆ ನುಗ್ಗಿ, ಕ್ಲಾದಲ್ಲಿರುವ ಹಾಲಿನ ಹನಿಗಳನ್ನು ಬೇರೆ ಮೊಲೆಗಳ ತುದಿಗೆ ಹಿಂದಕ್ಕೆ ಸಿಡಿಸುತ್ತದೆ. ಹಿಂಡುವಾಗ ಮೊಲೆಯ ತೂತು ತೆರೆದೇ ಇರುತ್ತದೆ. ಒಂದು ಮೊಲೆಯಲ್ಲಿ ರೋಗಾಣು ಇದ್ದರೆ ಆ ಹನಿಯೊಡನೆ ಇನ್ನೊಂದು ಮೊಲೆಯೊಳಗೆ ಸೇರುತ್ತದೆ. ಜೊತೆಗೆ ಹಿಂಡುವ ಹೊತ್ತು ಉದ್ದವಾಗಿ ಮೊಲೆಯ ತುದಿ ಗಾಸಿಗೊಳ್ಳುತ್ತದೆ.

ಪಂಪಿನ ಹತ್ತಿರವಿರುವ ಮೀಟರ್ ಸರಿಯಾಗಿಯೇ ತೋರಿಸುತ್ತಿರಬಹುದು ಎಂಬುದನ್ನು ಮರೆಯಬೇಡಿರಿ. ಸಣ್ಣ ಸೋರಿಕೆಯನ್ನು ಪಂಪಿನ ಕಡೆಯ ನಿಯಂತ್ರಕ ಸರಿದೂಗಿಸಿಕೊಳ್ಳುತ್ತದೆ. ಕ್ಲಾದಲ್ಲಿ ಏನಾಗುತ್ತಿದೆ ಎಂಬುದು ಆ ಮುಳ್ಳಿಗೆ ತಿಳಿಯದು. ಕಿನ್ನಾಳದಲ್ಲಿಯೂ ಮುಳ್ಳು ನೆಟ್ಟಗೆ ನಿಂತಿತ್ತು. ಸದ್ದು ಕೇಳುವ ನಿಮ್ಮ ಕಿವಿ, ಕಪ್ ಜಾರುವುದನ್ನು ನೋಡುವ ನಿಮ್ಮ ಕಣ್ಣು, ಇವೇ ಅಲ್ಲಿ ಮೀಟರ್.

ಬಿಗಿ ಎಷ್ಟು?

‘ಅತಿಯಾದರೆ ಅಮೃತವೂ ವಿಷ’ ಎಂಬ ಗಾದೆ ಪ್ಲಾಸ್ಟಿಕ್ ನಟ್ಟಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಎರಡು ಬೆರಳಿನಿಂದ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಸಾಕು. ಬೆರಳಿನ ಬಿಗಿಗೆ ಸೋರಿಕೆ ನಿಲ್ಲದಿದ್ದರೆ ತಪ್ಪು ನಟ್ಟಿನದಲ್ಲ, ಒಳಗಿನ ರಬ್ಬರ್ ರಿಂಗಿನದು. ರಿಂಗು ಗಟ್ಟಿಯಾಗಿ, ಚಪ್ಪಟೆಯಾಗಿ, ಬಿರುಕು ಬಿಟ್ಟಿರುತ್ತದೆ. ರಿಂಗು ಬದಲಾಯಿಸುವುದನ್ನು ಬಿಟ್ಟು ಪಕ್ಕಡ ಹಿಡಿದರೆ ನಟ್ಟೂ ಹೋಗುತ್ತದೆ, ಬಟ್ಟಲೂ ಸೀಳುತ್ತದೆ.

ಬಿಸಿನೀರಿನಲ್ಲಿ ತೊಳೆದ ಕೂಡಲೆ ನಟ್ಟನ್ನು ಬಿಗಿ ಮಾಡಬೇಡಿರಿ. ಶಾಖಕ್ಕೆ ಪ್ಲಾಸ್ಟಿಕ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ, ಮೆತ್ತಗೂ ಆಗಿರುತ್ತದೆ. ಬಿಸಿಯಲ್ಲಿ ಹಾಕಿದ ಬಿಗಿ ತಣ್ಣಗಾದ ಮೇಲೆ ಅದೇ ಇರುವುದಿಲ್ಲ. ಆರಲು ಬಿಟ್ಟು, ಹಿಂಡುವ ಮೊದಲು ಕೂಡಿಸಿ, ಒಮ್ಮೆ ಬೆರಳಾಡಿಸಿ ನೋಡಿರಿ. ಅಲ್ಲದೆ ಸದಾ ಒತ್ತಡದಲ್ಲಿರುವ ಪ್ಲಾಸ್ಟಿಕ್ ದಿನ ಕಳೆದಂತೆ ನಿಧಾನವಾಗಿ ಜಗ್ಗುತ್ತದೆ. ಇಂದು ಬಿಗಿಯಾಗಿದ್ದದ್ದು ವಾರದ ಮೇಲೆ ಸಡಿಲವಾಗಿರಬಹುದು. ಹೀಗಾಗಿ ಇದನ್ನು ಪ್ರತಿ ಹೊತ್ತು ನೋಡಲೇಬೇಕು.

ಅಳತೆ ತಪ್ಪಬಾರದು

ನಟ್ಟು ಕಳೆದುಹೋದಾಗ ಸಿಕ್ಕಿದ್ದನ್ನು ತಂದು ಹಾಕುವುದು ನಮ್ಮಲ್ಲಿ ವಾಡಿಕೆ. ಬೋಲ್ಟಿನ ದಪ್ಪ ಒಂದೇ ಇದ್ದರೆ ಸಾಲದು, ಥ್ರೆಡ್ಡಿನ ಅಂತರವೂ ಒಂದೇ ಇರಬೇಕು. ಉದಾಹರಣೆಗೆ, 8 ಮಿಲಿಮೀಟರ್ ಬೋಲ್ಟಿನ ಸಾಮಾನ್ಯ ಥ್ರೆಡ್ಡಿನ ಅಂತರ 1.25 ಮಿಲಿಮೀಟರ್. ಅಂಗುಲ ಲೆಕ್ಕದ ಎರಡೂವರೆ ಸೂತಿನ (5/16 ಅಂಗುಲ) ಬೋಲ್ಟು 7.94 ಮಿಲಿಮೀಟರ್ ದಪ್ಪ. ಕಣ್ಣಿಗೆ ಎರಡೂ ಒಂದೇ. ಆದರೆ ಅದರಲ್ಲಿ ಅಂಗುಲಕ್ಕೆ 18 ಥ್ರೆಡ್ಡು, ಅಂದರೆ ಅಂತರ ಸುಮಾರು 1.41 ಮಿಲಿಮೀಟರ್. ಒಂದರ ಮೇಲೆ ಇನ್ನೊಂದರ ನಟ್ಟು ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ. ನಾವು ‘ಬಿಗಿಯಾಯಿತು’ ಎಂದು ತಿಳಿಯುತ್ತೇವೆ. ನಿಜದಲ್ಲಿ ಥ್ರೆಡ್ಡು ಕೊಯ್ದುಹೋಗಿರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ನಟ್ಟು ಮತ್ತು ಬೋಲ್ಟು ಎರಡನ್ನೂ ಒಯ್ಯಿರಿ. ಪೂರ್ತಿ ಕೊನೆಯ ತನಕ ಬೆರಳಿನಿಂದ ಸಲೀಸಾಗಿ ತಿರುಗಿದರೆ ಮಾತ್ರ ಕೊಳ್ಳಿರಿ.

ಹಾಲು ತಾಗುವ ಜಾಗದ ನಟ್ಟನ್ನು ಯಂತ್ರ ಕೊಟ್ಟ ಕಂಪನಿಯ ಬಿಡಿಭಾಗವನ್ನೇ ತರುವುದು ಲೇಸು. ಆಹಾರಕ್ಕೆ ತಾಗುವ ಪ್ಲಾಸ್ಟಿಕ್ಕಿಗೆ ನಮ್ಮ ದೇಶದಲ್ಲಿ ಪ್ರತ್ಯೇಕ ಮಾನಕಗಳಿವೆ, ಪಾಲಿಪ್ರೊಪಿಲೀನಿಗೆ ಐ.ಎಸ್. 10910 ಎಂಬ ಮಾನಕವಿದೆ. ಮೋಟಾರ್ ಸೈಕಲ್ಲಿನ ನಂಬರ್ ಪ್ಲೇಟಿಗೆ ಹಾಕುವ ನಟ್ಟು ಹಾಲಿಗಾಗಿ ಮಾಡಿದ್ದಲ್ಲ.

ತೊಳೆಯುವ ಕ್ರಮ

ಕುಷ್ಟಗಿ, ಯಲಬುರ್ಗಾ ಕಡೆಯ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಕೊಪ್ಪಳದ ಸುತ್ತಲೂ ಅಂಥ ನೀರು ಕಡಿಮೆಯಿಲ್ಲ. ಗಡಸು ನೀರಿನ ಸುಣ್ಣ ಮತ್ತು ಹಾಲಿನ ಅಂಶ ಕೂಡಿ ನಟ್ಟಿನ ಥ್ರೆಡ್ಡಿನಲ್ಲಿ, ರಿಂಗಿನ ಕೆಳಗೆ ಹಳದಿ ಪದರವಾಗಿ ಕೂಡುತ್ತದೆ. ಇದೇ ಹಾಲುಗಲ್ಲು. ಅದರೊಳಗೆ ರೋಗಾಣುಗಳಿಗೆ ಒಳ್ಳೆಯ ಮನೆ. ಸಂಘದಲ್ಲಿ ಹಾಲು ತಂಪು ಮಾಡುವ ಘಟಕಕ್ಕೆ ಹೋಗಿ 4 ಡಿಗ್ರಿಗೆ ಇಳಿಸಿದರೂ, ಬರುವಾಗಲೇ ರೋಗಾಣು ಹೊತ್ತು ಬಂದ ಹಾಲು ಒಳ್ಳೆಯ ಹಾಲಾಗುವುದಿಲ್ಲ.

1. ಹಿಂಡಿದ ಕೂಡಲೆ ಉಗುರುಬೆಚ್ಚಗಿನ ನೀರಿನಿಂದ ಜಾಲಿಸಿರಿ. ಮೊದಲೇ ಕುದಿನೀರು ಹಾಕಿದರೆ ಹಾಲಿನ ಅಂಶ ಬೆಂದು ಅಂಟಿಕೊಳ್ಳುತ್ತದೆ.

2. ರೆಕ್ಕೆ ನಟ್ಟು, ರಿಂಗು, ಬಟ್ಟಲು ಬೇರೆ ಬೇರೆ ಮಾಡಿರಿ. ಡೈರಿ ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿರಿ. ನಟ್ಟಿನ ಒಳಗಿನ ಥ್ರೆಡ್ಡಿಗೆ ಹಳೆಯ ಹಲ್ಲಿನ ಬ್ರಷ್ಷು ಚೆನ್ನಾಗಿ ಸಾಗುತ್ತದೆ.

3. ಶುದ್ಧ ನೀರಿನಿಂದ ತೊಳೆದು, ಜಾಲರಿಯ ಬುಟ್ಟಿಯಲ್ಲಿ ಬೋರಲು ಹಾಕಿ ನೆರಳಿನಲ್ಲಿ ಒಣಗಿಸಿರಿ. ಬಿಸಿಲಿನಲ್ಲಿ ವರ್ಷಗಟ್ಟಲೆ ಇಟ್ಟ ಪ್ಲಾಸ್ಟಿಕ್ ಸುಣ್ಣದಂತೆ ಬಿಳಿಚಿ ಪುಡಿಯಾಗುತ್ತದೆ.

4. ವಾರಕ್ಕೊಮ್ಮೆ ಡೈರಿ ಆಮ್ಲದಿಂದ ಹಾಲುಗಲ್ಲು ತೆಗೆಯುವಾಗ ಡಬ್ಬಿಯ ಮೇಲೆ ಬರೆದ ಪ್ರಮಾಣವನ್ನೇ ಪಾಲಿಸಿರಿ. ನೈಲಾನ್ ನಟ್ಟನ್ನು ಆಮ್ಲದಲ್ಲಿ ನೆನೆಹಾಕಬೇಡಿರಿ.

5. ಆಮ್ಲ ಮತ್ತು ಕ್ಲೋರಿನ್ ಇರುವ ಪುಡಿಯನ್ನು ಎಂದೂ ಬೆರೆಸಬಾರದು. ವಿಷಗಾಳಿ ಏಳುತ್ತದೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ.

ಎಲ್ಲಿ ಎಂದಿಗೂ ಹಾಕಬಾರದು?

ಈ ಭಾಗವನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿರಿ.

ಮೇವು ಕತ್ತರಿಸುವ ಯಂತ್ರದ ಬ್ಲೇಡಿಗೆ ಯಾವ ಬಗೆಯ ರೆಕ್ಕೆ ನಟ್ಟೂ ಕೂಡದು, ಪ್ಲಾಸ್ಟಿಕ್ಕಿನದಂತೂ ಬೇಡವೇ ಬೇಡ. ಬ್ಲೇಡು ಪ್ರತಿ ಸುತ್ತಿಗೂ ಕಣಿಕೆಯ ಹೊಡೆತ ತಿನ್ನುತ್ತದೆ. ಬಿಚ್ಚಿಕೊಂಡ ಬ್ಲೇಡು ಎತ್ತ ಹಾರುತ್ತದೆ ಎಂದು ಹೇಳಲಾಗದು. ಅಲ್ಲಿ ಉಕ್ಕಿನ ಬೋಲ್ಟು, ಆರು ಮೂಲೆಯ ಉಕ್ಕಿನ ನಟ್ಟು, ಸ್ಪ್ರಿಂಗ್ ವಾಷರ್ ಇರಲೇಬೇಕು.

ಗಾಲಿ, ಬೆಲ್ಟುಗಳ ಮೇಲಿನ ರಕ್ಷಣಾ ಜಾಲರಿಗೂ ಕೈಯಿಂದ ಬಿಚ್ಚುವ ನಟ್ಟು ಬೇಡ. ಸುಲಭವಾಗಿ ಬಿಚ್ಚಲು ಬಂದರೆ ಮಕ್ಕಳೂ ಬಿಚ್ಚುತ್ತಾರೆ, ಅವಸರದಲ್ಲಿ ನಾವೂ ಬಿಚ್ಚಿಟ್ಟು ಮರೆಯುತ್ತೇವೆ. ತೊಳೆಯುವ ಜಾಗ ಸುಲಭವಾಗಿ ಬಿಚ್ಚಬೇಕು. ಬೆರಳು ಕಾಯುವ ಜಾಗ ಸುಲಭವಾಗಿ ಬಿಚ್ಚಬಾರದು. ಈ ವ್ಯತ್ಯಾಸ ನೆನಪಿರಲಿ.

ಮೋಟಾರಿನ ಅರ್ಥಿಂಗ್ ತಂತಿಯನ್ನು ಪ್ಲಾಸ್ಟಿಕ್ ನಟ್ಟಿನಿಂದ ಹಿಡಿಸಬಾರದು. ಅದು ಕಾಲಕ್ರಮದಲ್ಲಿ ಜಗ್ಗಿ ತಂತಿ ಸಡಿಲಾಗುತ್ತದೆ. ಮೈಮೇಲೆ ವಿದ್ಯುತ್ ಬಂದಾಗ ಹೋಗಲು ದಾರಿ ಇರುವುದಿಲ್ಲ. ದನಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚು, ನಡುವೆ ಹೃದಯವಿದೆ, ಕೊಟ್ಟಿಗೆಯ ನೆಲ ಹಸಿ. ಮನುಷ್ಯನಿಗೆ ಜುಮ್ಮೆನ್ನಿಸಿ ಬಿಡುವ ವಿದ್ಯುತ್ತು ಆಕಳನ್ನು ಕೆಡವಬಲ್ಲದು. ಅರ್ಥಿಂಗಿಗೆ ಲೋಹದ ನಟ್ಟೇ ಬೇಕು.

ಬಿದ್ದ ತುಂಡು ಎಲ್ಲಿ ಹೋಯಿತು?

ಕಿನ್ನಾಳದಲ್ಲಿ ಆ ಮುರಿದ ರೆಕ್ಕೆಯ ತುಂಡಿಗಾಗಿ ಹುಡುಕಿದೆವು. ಸಿಗಲಿಲ್ಲ. ಗ್ವಾದಲಿಯಲ್ಲಿ ಬಿದ್ದು ಹೊಟ್ಟಿನೊಡನೆ ಹೊಟ್ಟೆ ಸೇರಿತೋ, ಸಗಣಿಯೊಡನೆ ತಿಪ್ಪೆ ಸೇರಿತೋ ತಿಳಿಯದು.

ದನ ಮೇವನ್ನು ಆರಿಸಿ ತಿನ್ನುವುದಿಲ್ಲ. ಗಬಗಬನೆ ನುಂಗಿ ಆಮೇಲೆ ಮೆಲುಕು ಹಾಕುತ್ತದೆ. ಮೊಳೆ, ತಂತಿಯಂಥ ಭಾರದ ವಸ್ತು ಜೇನುಗೂಡಿನಂತಿರುವ ಎರಡನೆಯ ಹೊಟ್ಟೆಯಲ್ಲಿ ಕೂಡುತ್ತದೆ. ಆ ಹೊಟ್ಟೆ ಹಿಂಡಿದಾಗ ಚೂಪಾದ ತುದಿ ಗೋಡೆಯನ್ನು ತೂರಿ, ಮುಂದೆಯೇ ಇರುವ ಹೃದಯದ ಚೀಲವನ್ನೂ ಚುಚ್ಚಬಹುದು. ಇಂಥ ಆಕಳು ಬೆನ್ನು ಬಾಗಿಸಿ ನಿಲ್ಲುತ್ತದೆ, ಇಳಿಜಾರು ಇಳಿಯಲು ಹೆದರುತ್ತದೆ, ಮೇವು ಬಿಡುತ್ತದೆ, ಗಂಗೆದೊಗಲಿನಲ್ಲಿ ನೀರು ತುಂಬುತ್ತದೆ. ಕಬ್ಬಿಣವಾದರೆ ಹೊಟ್ಟೆಗೆ ಅಯಸ್ಕಾಂತ ನುಂಗಿಸಿ ಹಿಡಿದಿಡುವ ಉಪಾಯವಾದರೂ ಇದೆ. ಪ್ಲಾಸ್ಟಿಕ್ಕು, ಹಿತ್ತಾಳೆ ಅಯಸ್ಕಾಂತಕ್ಕೆ ಸಿಗುವುದಿಲ್ಲ. ಪ್ಲಾಸ್ಟಿಕ್ಕಿನ ಒಂದು ಸಣ್ಣ ಮೊಂಡು ತುಂಡು ಸಾಮಾನ್ಯವಾಗಿ ಅಪಾಯ ಮಾಡುವುದಿಲ್ಲ. ಆದರೆ ಹಗ್ಗ, ಚೀಲ, ಮುರುಕು ಪ್ಲಾಸ್ಟಿಕ್ಕು ಹೊಟ್ಟೆಯಲ್ಲಿ ಗಂಟುಕಟ್ಟಿ ನಿಂತರೆ ಶಸ್ತ್ರಚಿಕಿತ್ಸೆಯೇ ಗತಿ.

ಆದ್ದರಿಂದ ಬಿಚ್ಚಿದ ನಟ್ಟುಗಳನ್ನು ಗ್ವಾದಲಿಯ ಕಟ್ಟೆಯ ಮೇಲೆ ಇಡಬೇಡಿರಿ. ಗೋಡೆಗೆ ಒಂದು ಡಬ್ಬಿ ತೂಗುಹಾಕಿ ಅದರಲ್ಲಿಯೇ ಹಾಕಿರಿ. ಬಿಚ್ಚಿದಾಗ ಎಣಿಸಿರಿ, ಕೂಡಿಸುವಾಗ ಎಣಿಸಿರಿ. ಒಂದು ಕಡಿಮೆ ಬಂದರೆ ಮೇವು ಹಾಕುವ ಮೊದಲು ಹುಡುಕಿರಿ.

ಕೊನೆಯಲ್ಲಿ

ಕಿನ್ನಾಳದ ಆ ಮನೆಯಲ್ಲಿ ಹೊಸ ನಟ್ಟು, ಹೊಸ ರಿಂಗು ಹಾಕಿಸಿದೆವು. ಪಕ್ಕಡವನ್ನು ಕೊಟ್ಟಿಗೆಯಿಂದ ಹೊರಗೆ ಒಯ್ದು ಇಡಲು ಹೇಳಿದೆ. ಹಿಂಡುವ ಮೊದಲು ಪ್ರತಿ ಮೊಲೆಯ ಮೊದಲ ಧಾರೆಯನ್ನು ಕಪ್ಪು ಬಟ್ಟಲಿನಲ್ಲಿ ಹಿಂಡಿ ನೋಡುವುದು, ಬಾವು ಇರುವ ಆಕಳನ್ನು ಕೊನೆಗೆ ಹಿಂಡುವುದು, ಹಿಂಡಿದ ಮೇಲೆ ಮೊಲೆಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಆಮೇಲೆ ಮೇವು ಹಾಕಿ ಅರ್ಧ ತಾಸು ಆಕಳು ಮಲಗದಂತೆ ನೋಡಿಕೊಳ್ಳುವುದು, ಇವಿಷ್ಟನ್ನು ಆ ಹೆಣ್ಣುಮಗಳು ಒಂದು ಹೊತ್ತೂ ತಪ್ಪಿಸದೆ ಮಾಡಿದರು. ಎರಡನೆಯ ಆಕಳು ಪೂರ್ತಿ ಸುಧಾರಿಸಿತು. ಮೊದಲಿನದು ಬದುಕಿತು, ಆದರೆ ಬಾವು ಮರುಕಳಿಸಿದ ಆ ಒಂದು ಮೊಲೆ ಬತ್ತಿಹೋಯಿತು. ಅದು ಈಗಲೂ ಮೂರು ಮೊಲೆಯಲ್ಲಿಯೇ ಹಾಲು ಕೊಡುತ್ತದೆ. ನಾನು ಮೊದಲ ಸಲವೇ ಸಂಜೆಯ ಹೊತ್ತಿಗೆ ಹೋಗಿದ್ದರೆ ನಾಲ್ಕನೆಯದೂ ಉಳಿಯುತ್ತಿತ್ತೇನೋ.

ಹೊಸ ನಟ್ಟಿನ ಬೆಲೆ ಕೆಲವೇ ರೂಪಾಯಿ. ಹಳೆಯದು ಕಳೆದದ್ದು ಎಷ್ಟೆಂದು ಆ ಮನೆಯವರು ಲೆಕ್ಕ ಇಟ್ಟಿದ್ದಾರೆ.

ಸದಸ್ಯರೇ, ಇಂದು ಸಂಜೆ ಹಿಂಡುವ ಮೊದಲು ನಿಮ್ಮ ಯಂತ್ರದ ರೆಕ್ಕೆ ನಟ್ಟನ್ನು ಒಮ್ಮೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿರಿ. ಸೀಳು, ಮುರುಕು, ಬಿಳಿಚಿದ ಬಣ್ಣ, ಸವೆದ ಥ್ರೆಡ್ಡು ಇವುಗಳಲ್ಲಿ ಯಾವುದು ಕಂಡರೂ ಬದಲಾಯಿಸಿರಿ. ಮನೆಯಲ್ಲಿ ಎರಡು ಹೆಚ್ಚಿನ ನಟ್ಟು, ಒಂದು ಹೆಚ್ಚಿನ ರಿಂಗು ಇಟ್ಟುಕೊಂಡಿರಿ. ಕೆಚ್ಚಲು ಬಾವು ಮರುಕಳಿಸುತ್ತಿದ್ದರೆ ನಮ್ಮನ್ನು ಹಿಂಡುವ ಹೊತ್ತಿಗೇ ಕರೆಯಿರಿ. ಬೇರೆ ಹೊತ್ತಿಗೆ ಬಂದರೆ, “ಸಾಹೇಬ್ರ, ಮಿಶನ್ ನೋಡಿ ಹೋಗ್ರಿ” ಎಂದು ನೀವೇ ನಿಲ್ಲಿಸಿಕೊಳ್ಳಿರಿ.